ಪ್ರೇಮ ಕಾದಂಬರಿಯಲ್ಲಿ ಆಸ್ತಿ ಮಾತು ಯಾಕೆ?

ಹಳೇ ಕನ್ನಡ ಕಾದಂಬರಿಗಳ ಬಗ್ಗೆ ಬರೆದಾಗಲೆಲ್ಲ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಪ್ರೇಮಕಥೆ ಅಂದಮೇಲೆ ಹುಡುಗ ಹುಡುಗಿ ಸಾಕಲ್ವಾ? ಅತ್ತೆ, ದಾಯಾದಿ, ಆಸ್ತಿ, ಯಾವತ್ತೋ ಆದ ಅವಮಾನ, ಇದೆಲ್ಲ ಯಾಕೆ ಎಳೆದು ತರ್ತಾರೆ?" ಕೇಳುವವರು ಹೆಚ್ಚಾಗಿ ಚಿಕ್ಕ ವಯಸ್ಸಿನವರು. ಪಾಪ, ಅವರಿನ್ನೂ ಮದುವೆ ಮಾತುಕತೆಗೆ ಕೂತಿಲ್ಲ.

ಅದನ್ನೆಲ್ಲ ತೆಗೆದುಬಿಟ್ಟರೆ ಪ್ರೀತಿ ಎಷ್ಟು ಗಟ್ಟಿ ಅಂತ ಗೊತ್ತಾಗೋದೇ ಇಲ್ಲ. ಇದು ನನ್ನ ಉತ್ತರ.

ತ್ರಿವೇಣಿಯವರ 'ಬೆಳ್ಳಿ ಮೋಡ'ವನ್ನೇ ತೊಗೊಳ್ಳಿ. ಪುಟ್ಟಣ್ಣ ಕಣಗಾಲ್ 1967ರಲ್ಲಿ ಸಿನಿಮಾ ಮಾಡಿದರಲ್ಲ, ಅದೇ. ಇಂದಿರಾ ಎಸ್ಟೇಟ್ ಮನೆಯ ಒಬ್ಬಳೇ ಮಗಳು. ಮೋಹನನಿಗೂ ಅವಳಿಗೂ ಮದುವೆ ಅಂತ ಮಾತಾಗುತ್ತದೆ. ಅವನ ವಿದೇಶದ ಓದಿನ ಖರ್ಚು ಅವಳಪ್ಪನದು. ಅವನು ಅಲ್ಲಿರುವಾಗ ಇಲ್ಲಿ ಇಂದಿರಾಗೆ ತಮ್ಮ ಹುಟ್ಟುತ್ತಾನೆ. ಅಷ್ಟೇ. ಯಾರೂ ಯಾರಿಗೂ ದ್ರೋಹ ಮಾಡಿಲ್ಲ, ಚಾಡಿ ಹೇಳಿಲ್ಲ. ಮನೆಗೊಂದು ತೊಟ್ಟಿಲು ಬಂತು, ಮೋಹನನ ಪ್ರೀತಿ ತಣ್ಣಗಾಯಿತು.

ಮಗು ಹುಟ್ಟಿದ್ದಕ್ಕೆ ಇಷ್ಟೊಂದಾ ಅಂತ ಈಗಿನವರಿಗೆ ಅನ್ನಿಸಬಹುದು. ಆಗಿನ ಲೆಕ್ಕ ಬೇರೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೂ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಗನಿಗೆ ಇದ್ದಂಥ ಹುಟ್ಟಿನಿಂದ ಬರುವ ಹಕ್ಕು ಹೆಣ್ಣುಮಗಳಿಗೆ ಇರಲಿಲ್ಲ. ಕರ್ನಾಟಕ ಅದನ್ನು ಕೊಟ್ಟಿದ್ದು 1994ರಲ್ಲಿ, ದೇಶಕ್ಕೆಲ್ಲ ಬಂದಿದ್ದು 2005ರಲ್ಲಿ. ಕಾನೂನು ಏನೇ ಇರಲಿ, ಗಂಡು ಹುಟ್ಟಿದರೆ ಮನೆ ಅವನದು ಅಂತ ಊರೆಲ್ಲ ನಂಬಿತ್ತು. ಮೋಹನ ಇಂದಿರಾಳ ಜೊತೆಗೇ ಎಸ್ಟೇಟನ್ನೂ ಪ್ರೀತಿಸಿದ್ದ. ಎರಡನ್ನೂ ಬೇರೆ ಮಾಡಿ ನೋಡುವ ಸಂದರ್ಭ ಅವನಿಗೆ ಅಲ್ಲಿತನಕ ಬಂದಿರಲಿಲ್ಲ. ಅಂಥವನನ್ನು ಸುಮ್ನೆ ಕೆಟ್ಟವನು ಅಂದುಬಿಡೋದು ಸುಲಭ. ನಮ್ಮ ಕಡೆಯ ಎಷ್ಟೋ ಒಳ್ಳೇ ಅಳಿಯಂದಿರು ಈ ಪರೀಕ್ಷೆಗೆ ಕೂರದೇ ಪಾಸಾದವರು.

ಮುಂದೆ ಮೋಹನ ಬಿದ್ದು ಕಾಲು ಮುರಿದುಕೊಳ್ಳುತ್ತಾನೆ. ಇಂದಿರಾನೇ ಆರೈಕೆ ಮಾಡುತ್ತಾಳೆ. ಈಗ ಅವನಿಗೆ ನಿಜವಾಗಿ ಅವಳು ಬೇಕು. ಅವಳು ಒಲ್ಲೆ ಅನ್ನುತ್ತಾಳೆ. ನನಗೆ ಈ ಕಾದಂಬರಿ ಇಷ್ಟವಾಗೋದೇ ಇಲ್ಲಿ. ಕಾಲು ಕೂಡಿಕೊಂಡಿತು ಅಂತ ಮುರಿದದ್ದೆಲ್ಲ ಕೂಡಬೇಕಿಲ್ಲ. ಒಬ್ಬರಿಗೆ ಊಟ ಬಡಿಸಬಹುದು, ಔಷಧಿ ಕೊಡಬಹುದು, ಅವರನ್ನು ಮದುವೆಯಾಗದೆಯೂ ಇರಬಹುದು.

ವಾರಪತ್ರಿಕೆಗಳಲ್ಲಿ ಧಾರಾವಾಹಿಯಾಗಿ ಬಂದ ಎಷ್ಟೋ ಕಾದಂಬರಿಗಳಿಗೆ ಈ ಧೈರ್ಯ ಇರಲಿಲ್ಲ. ಪುಟಗಳನ್ನು ಕತ್ತರಿಸಿ, ದಾರ ಹೊಲಿದು, ಬೈಂಡ್ ಮಾಡಿಸಿ ಇಟ್ಟುಕೊಂಡಂಥವು ನಮ್ಮನೆ ಅಟ್ಟದ ಮೇಲೆ ಇನ್ನೂ ಇವೆ. ಹಿಂದಿನ ಬದಿಯಲ್ಲಿ ಅರ್ಧ ಕತ್ತರಿಸಿದ ಅಡುಗೆ ಅಂಕಣ, ಸೋಪಿನ ಜಾಹೀರಾತು. ಕೊನೇ ಕಂತು ಮಾತ್ರ ಹೆಚ್ಚುಕಡಿಮೆ ಒಂದೇ: ಆಸ್ಪತ್ರೆ ಮಂಚ, ಅತ್ತೆಯ ಕಣ್ಣೀರು, ಎಲ್ಲಾ ಮಾಫಿ. ಇಪ್ಪತ್ತು ವಾರ ನೋಯಿಸಿದ್ದನ್ನು ಎರಡು ಪುಟದಲ್ಲಿ ಒರೆಸಿಬಿಡೋದು! ಓದುವಾಗ ನಾನೂ ಅತ್ತಿದ್ದೇನೆ, ಅದು ಬೇರೆ ಮಾತು.

ತ್ರಿವೇಣಿ ಮನಃಶಾಸ್ತ್ರ ಓದಿದವರು. 1963ರಲ್ಲಿ ತೀರಿಕೊಂಡಾಗ ಅವರಿಗೆ 35 ತುಂಬಿರಲಿಲ್ಲ. 'ಶರಪಂಜರ'ದಲ್ಲಿ ಅವರು ಇನ್ನೂ ಕಠಿಣ. ಬಾಣಂತನದಲ್ಲಿ ಮನಸ್ಸಿನ ಕಾಯಿಲೆಯಾದ ಕಾವೇರಿ ಗುಣವಾಗಿ ಮನೆಗೆ ಬರುತ್ತಾಳೆ. ಡಾಕ್ಟರು ಗುಣ ಅಂದರೂ ಮನೆಯವರು ಒಪ್ಪೋದಿಲ್ಲ. ಅವಳು ಜೋರಾಗಿ ನಕ್ಕರೂ ಅನುಮಾನ, ಸಿಟ್ಟಾದರೂ ಅನುಮಾನ. ಗಂಡನ ಪ್ರೀತಿ ಅಷ್ಟರಲ್ಲೇ ಬೇರೆ ದಾರಿ ಹಿಡಿದಿರುತ್ತದೆ.

ಇವತ್ತು ಬರೆಯುವವರಿಗೆ ವಸ್ತು ಇಲ್ಲವಾ? ಬೇಕಾದಷ್ಟಿದೆ. ಕಾನೂನು ಮಗಳಿಗೆ ಪಾಲು ಕೊಟ್ಟಿದೆ. ಈಗ ಅಣ್ಣ ಹಬ್ಬಕ್ಕೆ ಕರೆದು, ಸೀರೆ ಕೊಟ್ಟು, ಹಕ್ಕು ಬಿಡುಗಡೆ ಪತ್ರ ಮುಂದಿಡುತ್ತಾನೆ. "ಸಬ್ ರಿಜಿಸ್ಟ್ರಾರ್ ಆಫೀಸಿಗೆ ಒಂದ್ಸಲ ಬಂದು ಹೋಗಮ್ಮ, ಸಾಕು." ಸಹಿ ಹಾಕಿದರೆ ಗಂಡ ಮುನಿಸಿಕೊಳ್ಳುತ್ತಾನೆ, ಹಾಕದಿದ್ದರೆ ತವರು. ಅವಳ ಗಂಡ ಆ ವಾರ ಅವಳ ಹತ್ತಿರ ಹೇಗೆ ಮಾತಾಡುತ್ತಾನೆ ಅನ್ನೋದೊಂದೇ ಒಂದು ಪೂರ್ತಿ ಕಾದಂಬರಿಗೆ ಸಾಕು. ಯಾರಾದರೂ ಬರೆದರೆ ನಾನಂತೂ ಕೊಂಡು ಓದುತ್ತೇನೆ.

ಮೊದಲು ಯಾವುದು ಓದಲಿ ಅಂದರೆ 'ಬೆಳ್ಳಿ ಮೋಡ'. ಸಿನಿಮಾ ನೋಡಿದ್ದರೂ ಪರವಾಗಿಲ್ಲ. 'ಶರಪಂಜರ' ಒಂದಷ್ಟು ದಿನ ಬಿಟ್ಟು ಹಿಡಿಯಿರಿ. ಒಂದರ ಬೆನ್ನಿಗೇ ಇನ್ನೊಂದು ಓದಿದರೆ ಮನೆಯವರೆಲ್ಲರ ಮೇಲೂ ಅನುಮಾನ ಶುರುವಾಗುತ್ತದೆ.