ಐದನೇ ಎಲೆ

ಮಹಾಲಯ ಅಮಾವಾಸ್ಯೆ ಬಂತೆಂದರೆ ದೊಡ್ಡಪ್ಪನ ಮನೆಯಲ್ಲಿ ಒಂದು ಜಗಳ ಗ್ಯಾರಂಟಿ. ಈ ಸಲವೂ ಆಯ್ತು.

"ಎಷ್ಟು ಎಲೆ ಹಾಕ್ಲಿ?" ದೊಡ್ಡಮ್ಮ ಅಡುಗೆಮನೆಯಿಂದ ಕೇಳಿದರು.

"ಐದು."

"ನಮ್ಮೋರು ನಾಲ್ಕೇ ಜನ."

"ಐದು ಅಂದ್ನಲ್ಲ."

2025ರ ಸೆಪ್ಟೆಂಬರ್ 21, ಭಾನುವಾರ. ನಾನು ಹಿಂದಿನ ರಾತ್ರಿಯೇ ಹಾಸನಕ್ಕೆ ಬಂದಿದ್ದೆ. ಬೆಳಿಗ್ಗೆ ಎದ್ದು ಕಟ್ಟಿನಕೆರೆ ಮಾರ್ಕೆಟ್‌ಗೆ ಹೋಗಿ ಬಾಳೆಎಲೆ, ಕುಂಬಳಕಾಯಿ, ವೀಳ್ಯದೆಲೆ ತಂದೆ. ಮಟನ್ ಅಂಗಡಿ ಮುಂದೆ ಮುಕ್ಕಾಲು ಗಂಟೆ ನಿಂತೆ. ಹಿರಿಯರ ಹಬ್ಬ ಭಾನುವಾರವೇ ಬಿದ್ದರೆ ಇನ್ನೇನಾಗುತ್ತೆ ಹೇಳಿ.

ನಾಲ್ಕು ಎಲೆ ಯಾರದ್ದು ಅಂತ ಎಲ್ಲರಿಗೂ ಗೊತ್ತು. ತಾತ, ಅಜ್ಜಿ, ಸಣ್ಣ ವಯಸ್ಸಿಗೇ ಹೋದ ಅತ್ತೆ, ನಮ್ಮಪ್ಪ. ಐದನೆಯದು ನಮ್ಮ ಮನೆಯವರದ್ದಲ್ಲ, ನಮ್ಮ ಜಿಲ್ಲೆಯವರದ್ದೂ ಅಲ್ಲ. ಅದು ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಅವರದ್ದು. 1965ರ ಸೆಪ್ಟೆಂಬರ್ 7ರ ಬೆಳಗಿನ ಜಾವ ಪಾಕಿಸ್ತಾನದ ಸರ್ಗೋಧಾ ವಾಯುನೆಲೆ ಮೇಲೆ ದಾಳಿಗೆ ಹೋದವರು ವಾಪಸ್ ಬರಲಿಲ್ಲ. ಆಗ ಅವರಿಗೆ 32 ವರ್ಷ. ಆ ಎಲೆಯ ಮೇಲೆ ಮುದ್ದೆ ಇಲ್ಲ, ಮಟನ್ ಇಲ್ಲ, ಕಜ್ಜಾಯವೂ ಇಲ್ಲ. ಒಂದು ಸ್ಟೀಲ್ ಲೋಟದಲ್ಲಿ ಬೆಲ್ಲದ ಕಾಫಿ, ಅಷ್ಟೆ.

ಚಿಕ್ಕವನಿದ್ದಾಗ ನಾನು ದೇವಯ್ಯನವರು ನಮ್ಮ ತಾತನ ತಮ್ಮ ಅಂದುಕೊಂಡಿದ್ದೆ. ಐದನೇ ಕ್ಲಾಸಿನಲ್ಲಿ ಹಾಗಂತ ಪ್ರಬಂಧವನ್ನೂ ಬರೆದೆ. ಮೇಷ್ಟ್ರು ಎಲ್ಲರ ಮುಂದೆ ಓದಿಸಿ ಚಪ್ಪಾಳೆ ಹೊಡೆಸಿದರು. ಮನೆಗೆ ಬಂದು ಖುಷಿಯಾಗಿ ಹೇಳಿದರೆ ದೊಡ್ಡಪ್ಪ ನಗಲಿಲ್ಲ. ಮಾರನೇ ದಿನ ನನ್ನನ್ನು ಸೈಕಲ್ ಮೇಲೆ ಕೂರಿಸಿಕೊಂಡು ಸ್ಕೂಲಿಗೆ ಬಂದು, "ಇವನು ಬರ್ದಿರೋದು ತಪ್ಪು ಸಾರ್, ಅವರು ನಮ್ಮ ನೆಂಟರಲ್ಲ" ಅಂತ ಹೇಳಿ ಹೋದರು. ಒಂದು ವಾರ ನಾನು ದೊಡ್ಡಪ್ಪನ ಜೊತೆ ಮಾತು ಬಿಟ್ಟಿದ್ದೆ.

ದೊಡ್ಡಪ್ಪ ಪೈಲಟ್ ಅಲ್ಲ. ಅರಕಲಗೂಡು ಕಡೆಯ ಹಳ್ಳಿಯಿಂದ, ಚೀನಾ ಯುದ್ಧ ಆದ ಮಾರನೇ ವರ್ಷ ಏರ್‌ಫೋರ್ಸ್ ಸೇರಿದವರು. ಜಾಲಹಳ್ಳಿಯಲ್ಲಿ ಟ್ರೈನಿಂಗ್, ಆಮೇಲೆ ಪಂಜಾಬಿನ ಆದಂಪುರ. ಇಂಜಿನ್ ಫಿಟರ್ ಕೆಲಸ. ದೇವಯ್ಯನವರ ನಂಬರ್ 1 ಸ್ಕ್ವಾಡ್ರನ್ ಅಲ್ಲೇ ಇತ್ತು. ದೊಡ್ಡಪ್ಪನದು ಬೇರೆ ಸ್ಕ್ವಾಡ್ರನ್. ಕೊಡಗಿನ ಸಾಹೇಬರು ಒಬ್ಬರಿದ್ದಾರೆ ಅಂತ ಕೇಳಿದ್ದರು. ಎರಡು ಸಲ ದೂರದಿಂದ ನೋಡಿದ್ದರು. ಮಾತಾಡಿಸಲಿಲ್ಲ.

"ಹೋಗಿ ಕನ್ನಡದಲ್ಲಿ ನಮಸ್ಕಾರ ಸಾರ್ ಅನ್ಬೇಕು ಅಂತ ಆಸೆ. ಧೈರ್ಯ ಬೇಕಲ್ಲ. ನಾನು ಇಪ್ಪತ್ತು ವರ್ಷದ ಹುಡುಗ, ಕೈಯೆಲ್ಲ ಗ್ರೀಸು. ಅವರು ಆಫೀಸರು."

ಆ ರಾತ್ರಿಯ ಕತೆಯನ್ನು ದೊಡ್ಡಪ್ಪ ಹೇಳುವುದು ಕಬ್ಬಿನಗದ್ದೆಯಿಂದ. ಹಿಂದಿನ ಸಂಜೆ ಪಾಕಿಸ್ತಾನದವರು ಪಠಾಣ್‌ಕೋಟ್ ನೆಲೆಗೆ ಬಂದು ನಿಂತಿದ್ದ ವಿಮಾನಗಳನ್ನು ಸುಟ್ಟು ಹೋಗಿದ್ದರು. ರಾತ್ರಿ ಪಠಾಣ್‌ಕೋಟ್, ಆದಂಪುರ, ಹಲ್ವಾರ ಮೂರೂ ಕಡೆ ಪ್ಯಾರಾಟ್ರೂಪರ್‌ಗಳನ್ನು ಇಳಿಸಿದರು. ಒಂದೊಂದು ಕಡೆಗೂ ಸುಮಾರು 60 ಜನ. ಫಿಟರ್, ಅಡುಗೆಯವರು ಅನ್ನದೆ ಎಲ್ಲರ ಕೈಗೂ ರೈಫಲ್ ಕೊಟ್ಟು ಸುತ್ತ ನಿಲ್ಲಿಸಿದರಂತೆ.

"ಊರಲ್ಲಿ ಕಬ್ಬಿಗೆ ಹಂದಿ ಬರದಂಗೆ ಕಾಯ್ತಿದ್ದೆ. ಅಲ್ಲಿ ಕಬ್ಬಿನೊಳಗಿಂದ ಮನುಷ್ಯರು ಬರದಂಗೆ ಕಾಯ್ದೆ. ಗರಿ ಅಲ್ಲಾಡಿದ್ರೆ ಸಾಕು, ಎದೆ ಹೊಡ್ಕೊಳ್ಳೋದು."

ಇನ್ನೂ ಕತ್ತಲು ಇರುವಾಗಲೇ ಮಿಸ್ಟೇರ್ ವಿಮಾನಗಳು ಒಂದರ ಹಿಂದೆ ಒಂದು ಎದ್ದವು. ನಂಬರ್ 1 ಸ್ಕ್ವಾಡ್ರನ್ನಿನ ಮುಖ್ಯಸ್ಥ ಒ.ಪಿ. ತನೇಜಾ ಅವರ ಮುಂದಾಳ್ತನದಲ್ಲಿ 12 ವಿಮಾನ. ದೇವಯ್ಯನವರ ಹೆಸರು ಆ ಹನ್ನೆರಡರಲ್ಲಿ ಇರಲಿಲ್ಲ. ಅವರು ಸ್ಟ್ಯಾಂಡ್‌ಬೈ. ಯಾರದ್ದಾದರೂ ವಿಮಾನ ಕೈಕೊಟ್ಟರೆ ಮಾತ್ರ ಹೋಗಬೇಕು. ಒಂದು ಕೈಕೊಟ್ಟಿತು. ಅವರು ಹೋದರು.

ಇಲ್ಲಿಗೆ ಬಂದಾಗ ದೊಡ್ಡಪ್ಪ ಯಾವಾಗಲೂ ಪೆನ್ನು ಕೇಳುತ್ತಾರೆ. ಈ ಸಲ ನಾನು ತಂದ ಸಾಮಾನಿನ ಚೀಟಿಯನ್ನೇ ತಿರುಗಿಸಿ, ಕನ್ನಡಕ ಹಣೆಗೇರಿಸಿ, ಮನೆ ಮನೆಯಾಗಿ ಗೆರೆ ಎಳೆದರು. ವಿಮಾನಕ್ಕೊಂದು ಪುಸ್ತಕ ಇರುತ್ತೆ, ಫಾರ್ಮ್ 700 ಅಂತ. "ಇಲ್ಲಿ ನಮ್ಮ ಸೈನು. ಇಂಜಿನ್, ಎಣ್ಣೆ, ಚಕ್ರದ ಗಾಳಿ, ಎಲ್ಲಾ ನೋಡಿದೀವಿ ಅಂತ. ಇಲ್ಲಿ ಪೈಲಟ್ ಸೈನು. ಒಪ್ಕೊಂಡಿದೀನಿ ಅಂತ. ಹತ್ತೋಕೆ ಮುಂಚೆ ಮಾಡ್ಬೇಕು. ವಾಪಸ್ ಬಂದ್ಮೇಲೆ ಏನಾದ್ರೂ ತೊಂದ್ರೆ ಇತ್ತಾ ಇಲ್ವಾ ಅಂತ ಬರ್ದು, ಇಲ್ಲಿ ಇನ್ನೊಂದು ಸೈನು."

ಕೊನೆಯ ಮನೆಯ ಮೇಲೆ ಪೆನ್ನಿನ ತುದಿ ಇಟ್ಟುಕೊಂಡೇ ಸ್ವಲ್ಪ ಹೊತ್ತು ಕೂತರು. ಅಲ್ಲೊಂದು ಶಾಯಿ ಚುಕ್ಕೆ ಆಯ್ತು. "ಅವರ ಪುಸ್ತಕ ನಾನು ನೋಡಿಲ್ಲಪ್ಪ. ನಮ್ಮ ಸ್ಕ್ವಾಡ್ರನ್ ಅಲ್ವಲ್ಲ. ಆದ್ರೂ ಈ ಜಾಗ ಖಾಲಿ ಇರ್ಲೇಬೇಕು, ಅಲ್ವಾ?"

ಮಿಸ್ಸಿಂಗ್. ಏರ್‌ಫೋರ್ಸ್ ಹೇಳಿದ್ದು ಅಷ್ಟೆ. ಜೊತೆಗೆ ಹೋದವರು ಯಾರೂ ಏನಾಯ್ತು ಅಂತ ನೋಡಿರಲಿಲ್ಲ. ಇನ್ನೂ ಹದಿನೈದು ದಿನ ಕಳೆದ ಮೇಲೆ, ಸೆಪ್ಟೆಂಬರ್ 22ಕ್ಕೆ, ಕೊಡಗಿನವರೇ ಇನ್ನೊಬ್ಬರ ವಿಮಾನ ಬಿತ್ತು. ಜನರಲ್ ಕಾರ್ಯಪ್ಪನವರ ಮಗ ಕೆ.ಸಿ. ಕಾರ್ಯಪ್ಪ. ಅವರು ಸೆರೆ ಸಿಕ್ಕರು, ಯುದ್ಧ ನಿಂತ ಮೇಲೆ 1966ರ ಜನವರಿಯಲ್ಲಿ ವಾಪಸ್ ಬಂದರು. ಅದನ್ನು ಕೇಳಿ ದೊಡ್ಡಪ್ಪನಿಗೆ ಆಸೆ ಹುಟ್ಟಿತಂತೆ. ಒಬ್ಬರು ಬಂದರೆ ಇನ್ನೊಬ್ಬರೂ ಬರಬಹುದಲ್ಲ. ಸೆರೆಯಾಳುಗಳೆಲ್ಲ ಬಂದರು. ದೇವಯ್ಯನವರು ಬರಲಿಲ್ಲ.

ಕಾಣೆಯಾದವರದ್ದು ಇದೇ ಕಷ್ಟ. ಅತ್ತರೆ ಅಪಶಕುನ, ಅಳದಿದ್ದರೆ ಹೊಟ್ಟೆಯುರಿ. ಏಳು ವರ್ಷ ಸುಳಿವಿಲ್ಲದಿದ್ದರೆ ಸತ್ತರು ಅಂತ ಲೆಕ್ಕ ಅನ್ನುತ್ತೆ ಕಾನೂನು. ಹನ್ನೆರಡು ವರ್ಷ ಕಾದು, ದರ್ಭೆಯಲ್ಲಿ ಗೊಂಬೆ ಮಾಡಿ ಸುಡಿ ಅಂತಾರೆ ಶಾಸ್ತ್ರದವರು. ಇಷ್ಟು ವರ್ಷ ಅಂತ ಯಾರು ಲೆಕ್ಕ ಹಾಕಿದರೋ. ದೊಡ್ಡಪ್ಪ ಏಳು ವರ್ಷಕ್ಕೂ ಎಲೆ ಹಾಕಲಿಲ್ಲ, ಹನ್ನೆರಡಕ್ಕೂ ಹಾಕಲಿಲ್ಲ.

ನಿಜ ಹೊರಗೆ ಬಂದದ್ದು ಆ ಕಡೆಯಿಂದ. ಪಾಕಿಸ್ತಾನದ ವಾಯುಪಡೆಯ ಯುದ್ಧದ ಬಗ್ಗೆ ಬ್ರಿಟಿಷ್ ಬರಹಗಾರರೊಬ್ಬರ ಪುಸ್ತಕ 1979ರಲ್ಲಿ ಬಂತು. ಅಮ್ಜದ್ ಹುಸೇನ್ ಅನ್ನುವ ಪೈಲಟ್ ಸ್ಟಾರ್‌ಫೈಟರ್‌ನಲ್ಲಿ ಒಂದು ಮಿಸ್ಟೇರ್ ಬೆನ್ನು ಹತ್ತಿದ್ದು, ಏಟು ತಿಂದ ಆ ಮಿಸ್ಟೇರ್ ಓಡಿಹೋಗದೆ ತಿರುಗಿ ಬಿದ್ದದ್ದು, ಕೊನೆಗೆ ಸ್ಟಾರ್‌ಫೈಟರ್ ಅನ್ನೇ ಹೊಡೆದದ್ದು ಅದರಿಂದ ಗೊತ್ತಾಯ್ತು. ಅಮ್ಜದ್ ಪ್ಯಾರಾಚೂಟ್‌ನಲ್ಲಿ ಇಳಿದು ಬದುಕಿದರು. ಲೆಕ್ಕ ಹಾಕಿ ನೋಡಿದರೆ ಆ ಮಿಸ್ಟೇರ್ ದೇವಯ್ಯನವರದ್ದೇ.

"ಸ್ಟಾರ್‌ಫೈಟರ್ ಅಂದ್ರೆ ಏನು ಗೊತ್ತಾ? ಶಬ್ದಕ್ಕಿಂತ ಎರಡು ಪಟ್ಟು ಸ್ಪೀಡು. ನಮ್ಮ ಮಿಸ್ಟೇರು ನೆಟ್ಟಗೆ ಹಾರಿದ್ರೆ ಶಬ್ದದ ಸ್ಪೀಡೂ ಮುಟ್ತಿರ್ಲಿಲ್ಲ." ಇದನ್ನು ಹೇಳುವಾಗ ದೊಡ್ಡಪ್ಪನ ಮುಖ ನೋಡಬೇಕು. 80 ವರ್ಷದ ಮನುಷ್ಯ, ಎರಡೂ ಕೈ ವಿಮಾನ ಮಾಡಿಕೊಂಡು, ಒಂದನ್ನು ಇನ್ನೊಂದರ ಹಿಂದೆ ತಿರುಗಿಸುತ್ತಾರೆ. ಎದುರಿಗಿದ್ದ ನೀರಿನ ಚೊಂಬು ಉರುಳಿ ಚೀಟಿಯೆಲ್ಲ ಒದ್ದೆ.

ಮಹಾವೀರ ಚಕ್ರ ಬಂದದ್ದು 1988ರಲ್ಲಿ, 23 ವರ್ಷ ಆದ ಮೇಲೆ. ಪತ್ನಿ ಸುಂದರಿ ದೇವಯ್ಯ ಹೋಗಿ ತೆಗೆದುಕೊಂಡರು. ದೊಡ್ಡಪ್ಪ ಅಷ್ಟರಲ್ಲಿ ಪಿಂಚಣಿ ತೆಗೆದುಕೊಂಡು ಹಾಸನಕ್ಕೆ ಬಂದಿದ್ದರು. ಪೇಪರಿನಲ್ಲಿ 'ಮರಣೋತ್ತರ' ಅನ್ನುವ ಪದ ನೋಡಿದರು. ಆ ವರ್ಷದ ಅಮಾವಾಸ್ಯೆಗೆ ಮೊದಲ ಸಲ ಐದನೇ ಎಲೆ ಬಿತ್ತು.

ದೊಡ್ಡಮ್ಮನ ತಕರಾರು ಅವತ್ತಿನಿಂದ ಒಂದೇ. "ಅವರ ಮನೇಲಿ ಕೊಡೋರು ಇಲ್ವಾ? ಬೇರೆ ಮನೆ ಹಿರೀಕರನ್ನ ನಾವ್ಯಾಕೆ ಕರೆಯೋದು?" ಅವರ ಮಾತಿನಲ್ಲೂ ನ್ಯಾಯ ಇದೆ. ಕೊಡವರಲ್ಲಿ ಕಾರಣರಿಗೆ, ಅಂದರೆ ತೀರಿಹೋದ ಹಿರಿಯರಿಗೆ, ಕೊಡುವ ಕ್ರಮ ಅವರದ್ದೇ ಇದೆ. ಮಡಿಕೇರಿಯಲ್ಲಿ ದೇವಯ್ಯನವರ ಹೆಸರಿನ ಸರ್ಕಲ್ ಇದೆ, ಪ್ರತಿಮೆಯೂ ಇದೆ. ಒಂದು ಸಲ ದೊಡ್ಡಪ್ಪನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಬಸ್ಸುಗಳ ಗದ್ದಲದ ನಡುವೆ ಚಪ್ಪಲಿ ಬಿಟ್ಟು ನಿಂತರು. ಸೆಲ್ಯೂಟ್ ಹೊಡೆಯುತ್ತಾರೆ ಅಂತ ನಾನು ಮೊಬೈಲ್ ಹಿಡಿದು ಕಾದೆ. ಸುಮ್ನೆ ಕೈ ಮುಗಿದು, "ನಮಸ್ಕಾರ ಸಾರ್" ಅಂದು, ಚಪ್ಪಲಿ ಮೆಟ್ಟಿಕೊಂಡರು.

ಮಧ್ಯಾಹ್ನ ಎಡೆ ಆಯ್ತು. ಹೊಸ ಪಂಚೆ, ಸೀರೆ, ಎಲೆಅಡಿಕೆ, ತಾತನ ಬೀಡಿಕಟ್ಟು ಎಲ್ಲ ಇಟ್ಟು ಸಾಂಬ್ರಾಣಿ ಹಾಕಿದರು. ಕೊನೆಗೆ ದೊಡ್ಡಪ್ಪ ತಾವೇ ಕಾಸಿದ ಕಾಫಿ ಲೋಟ ತಂದು ಐದನೇ ಎಲೆ ಮೇಲೆ ಇಟ್ಟರು. ಹಿರಿಯರು ಬಂದು ಉಣ್ಣಲಿ ಅಂತ ಬಾಗಿಲು ಹಾಕಿಕೊಂಡು ಎಲ್ಲರೂ ಜಗಲಿಯಲ್ಲಿ ಕೂತೆವು. ಒಳಗೆ ಏನೂ ಸದ್ದಿಲ್ಲ. ಪಕ್ಕದ ಮನೆಯಲ್ಲಿ ಕುಕ್ಕರ್ ಕೂಗಿತು.

"ಅವರು ಬೆಲ್ಲದ ಕಾಫಿ ಕುಡೀತಿದ್ರಾ, ಹಾಲಿಂದಾ?" ದೊಡ್ಡಮ್ಮ ಕೇಳಿದರು. ಈಗ ಜಗಳದ ದನಿ ಇರಲಿಲ್ಲ.

"ಗೊತ್ತಿಲ್ಲ ಕಣೆ. ಅಲ್ಲಿ ಬರೀ ಟೀ ಕೊಡೋರು."

ಬಾಗಿಲು ತೆಗೆದೆವು. ಕಾಫಿ ಆರಿತ್ತು. ಊದುಬತ್ತಿಯ ಬೂದಿ ಒಂದೆಳೆ ಅದರಲ್ಲಿ ಬಿದ್ದು ತೇಲುತ್ತಿತ್ತು. ದೊಡ್ಡಪ್ಪ ಅದನ್ನು ಕಿರುಬೆರಳಲ್ಲಿ ಎತ್ತಿ ಪಂಚೆಗೆ ಒರೆಸಿಕೊಂಡು, ನಿಂತೇ ಅರ್ಧ ಕುಡಿದು, ಉಳಿದರ್ಧ ನನ್ನ ಕೈಗೆ ಕೊಟ್ಟರು.