ಸುಮ್ಮಸುಮ್ಮನೆ ಕಟ್ ಆಗುವ ಸ್ವಿಚ್ಚು

“ಅದು ಸುಮ್ಮಸುಮ್ಮನೆ ಕಟ್ ಆಗ್ತಿತ್ತು ಅಂಕಲ್, ಅದಕ್ಕೇ ಬೈಪಾಸ್ ಮಾಡ್ದೆ.” ತನ್ನ ಕಾರಿನ ಸುರಕ್ಷಾ ಸ್ವಿಚ್ಚೊಂದನ್ನು ಬಿಟ್ಟು ಕರೆಂಟನ್ನು ನೇರ ಹರಿಸಿದ್ದರ ಬಗ್ಗೆ ಶನಿವಾರ ಆ ಹುಡುಗ ಯಾವ ಅಳುಕೂ ಇಲ್ಲದೆ ಹೇಳಿದ ಈ ಮಾತು ವಾರವಿಡೀ ನನ್ನ ತಲೆಯಲ್ಲಿ ಸುತ್ತುತ್ತಿದೆ.

ಇಲ್ಲಿ ಮಿಶಿಗನ್‌ನಲ್ಲಿ ನಮ್ಮ ಬೀದಿಯಲ್ಲೇ ಇರುವ ಕನ್ನಡದ ಕುಟುಂಬವೊಂದರ ಮಗ ಅವನು. ಬುದ್ಧಿವಂತ, ಕೈಕೆಲಸವೂ ಅಚ್ಚುಕಟ್ಟು. ತಾಳ್ಮೆಯೊಂದನ್ನು ಬಿಟ್ಟು ಉಳಿದೆಲ್ಲವೂ ಇದೆ. 5 ಲೀಟರ್ ಎಂಜಿನ್ನಿನ ಹಳೆಯ ಮಸ್ಟಾಂಗ್ ಒಂದನ್ನು ಕೊಂಡು, ಇಲ್ಲಿಯ ಮಿಲಾನ್ ಎಂಬ ಊರಿನ ಡ್ರ್ಯಾಗ್ ಟ್ರ್ಯಾಕಿನಲ್ಲಿ (ನೇರ ಓಟದ ಕಾರ್ ರೇಸಿನ ದಾರಿಯಲ್ಲಿ) ಓಡಿಸಬೇಕೆಂದು ಅದಕ್ಕೆ ಎಂಜಿನ್ನಿನ ಶಕ್ತಿ ಏರಿಸುವ ನೈಟ್ರಸ್ ಆಕ್ಸೈಡ್ ಕಿಟ್ ಕೂರಿಸಿದ್ದಾನೆ. “ವೈರಿಂಗ್ ಒಂದ್ಸಲ ನೋಡಿಬಿಡಿ, ನಮ್ಮ ಮಾತಂತೂ ಕೇಳಲ್ಲ” ಎಂದು ಅವನ ತಾಯಿ ಕರೆದದ್ದರಿಂದ ಹೋಗಿದ್ದೆ.

ನೈಟ್ರಸ್ ಇಂಧನವೆಂದು ಭಾವಿಸಿದವರು ಬಹಳ ಮಂದಿ. ಅದು ತಾನಾಗಿ ಉರಿಯುವುದಿಲ್ಲ. ಎಂಜಿನ್ನಿನ ಬಿಸಿಗೆ ಒಡೆದು ಆಮ್ಲಜನಕವನ್ನು ಬಿಟ್ಟುಕೊಡುತ್ತದೆ, ಆ ಹೆಚ್ಚುವರಿ ಆಮ್ಲಜನಕಕ್ಕೆ ತಕ್ಕಷ್ಟು ಪೆಟ್ರೋಲನ್ನೂ ಅದೇ ಕ್ಷಣದಲ್ಲಿ ಒದಗಿಸಿದರೆ ಶಕ್ತಿ ಏರುತ್ತದೆ. ಬಾಟಲಿಯಲ್ಲಿ 900 ಪಿ.ಎಸ್.ಐ. (ಚದರಂಗುಲಕ್ಕೆ ಪೌಂಡ್) ಆಸುಪಾಸಿನ ಒತ್ತಡವಿರುವುದರಿಂದ ನೈಟ್ರಸ್ ನುಗ್ಗಿ ಬರುವುದರಲ್ಲಿ ಸಂಶಯವಿಲ್ಲ. ಸಂಶಯವಿರುವುದು ಹಳೆಯ ಪಂಪು, ಹಳೆಯ ಫಿಲ್ಟರ್ ದಾಟಿ ಬರಬೇಕಾದ ಪೆಟ್ರೋಲಿನ ಬಗ್ಗೆ. ಪೆಟ್ರೋಲ್ ಕೊರತೆಯಾಗಿ ನೈಟ್ರಸ್ ಮಾತ್ರ ಬಂದರೆ ಸಿಲಿಂಡರಿನೊಳಗೆ ಡಿಟೊನೇಶನ್ (ಇಂಧನ ಹದವಾಗಿ ಉರಿಯದೆ ಒಮ್ಮೆಲೇ ಸಿಡಿಯುವುದು) ಶುರುವಾಗಿ, ಪಿಸ್ಟನ್ ಒಡೆಯಲು ಅಥವಾ ಕರಗಲು ಹೆಚ್ಚು ಹೊತ್ತು ಬೇಕಿಲ್ಲ.

ಆದ್ದರಿಂದಲೇ ನೈಟ್ರಸ್ಸಿಗೊಂದು, ಪೆಟ್ರೋಲಿಗೊಂದು ಇರುವ ಸೊಲೆನಾಯ್ಡ್‌ಗಳನ್ನು (ಕರೆಂಟಿನಿಂದ ತೆರೆಯುವ ಕವಾಟಗಳನ್ನು) ತೆರೆಯುವ ರಿಲೇಯ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಕೂಡಿಸುವ ಸ್ವಿಚ್ಚಿನ, ಕಾಯಿಲ್‌ಗೆ ಹೋಗುವ ಸಣ್ಣ ಕರೆಂಟು ಹಲವು ಸ್ವಿಚ್ಚುಗಳನ್ನು ಒಂದರ ಹಿಂದೊಂದರಂತೆ ದಾಟಿಯೇ ಹೋಗಬೇಕು. ಚಾಲಕ ಬೇಕೆಂದೇ ಹಾಕುವ, ಕೆಂಪು ಮುಚ್ಚಳದ ಆರ್ಮಿಂಗ್ ಸ್ವಿಚ್ಚು ಒಂದು. ಆಕ್ಸಿಲರೇಟರನ್ನು ಪೂರ್ತಿ ಒತ್ತಿದಾಗ ಮಾತ್ರ ಕೂಡುವ, ಥ್ರಾಟಲ್ ಪಕ್ಕದ ಮೈಕ್ರೋಸ್ವಿಚ್ಚು ಇನ್ನೊಂದು. ಎಂಜಿನ್ ವೇಗ, ನಾವು ಗೊತ್ತುಮಾಡಿದ ಎರಡು ಮಿತಿಗಳ ನಡುವೆ, ಸಾಮಾನ್ಯವಾಗಿ 3000 ಆರ್.ಪಿ.ಎಂ.ಗಿಂತ ಮೇಲಿದ್ದಾಗ ಮಾತ್ರ ದಾರಿ ಬಿಡುವ ವಿಂಡೋ ಸ್ವಿಚ್ಚು ಮತ್ತೊಂದು. ಕೆಳಗಿನ ವೇಗದಲ್ಲಿ ನೈಟ್ರಸ್ ಬಿಟ್ಟರೆ ಎಂಜಿನ್ನಿಗೆ ಗಾಳಿ ಒಯ್ಯುವ ಇನ್‌ಟೇಕ್ ಮ್ಯಾನಿಫೋಲ್ಡೇ ಸಿಡಿಯಬಹುದು. ಇವೆಲ್ಲದರ ಜೊತೆಗೆ, ಪೆಟ್ರೋಲಿನ ಒತ್ತಡ ಗೊತ್ತುಮಾಡಿದ ಮಟ್ಟಕ್ಕಿಂತ ಇಳಿದ ಕೂಡಲೇ ಬಿಟ್ಟುಕೊಳ್ಳುವ ಪ್ರೆಶರ್ ಸ್ವಿಚ್ಚು. ಯಾವುದೊಂದು ಬಿಟ್ಟುಕೊಂಡರೂ, ಯಾವ ವೈರು ತುಂಡಾದರೂ, ರಿಲೇ ಕಟ್ ಆಗುತ್ತದೆ, ಎರಡು ಸೊಲೆನಾಯ್ಡ್‌ಗಳೂ ಮುಚ್ಚಿಕೊಳ್ಳುತ್ತವೆ.

ಹುಡುಗ ಕಿತ್ತುಹಾಕಿದ್ದು ಈ ಕೊನೆಯದನ್ನೇ. ಅದರ ಎರಡೂ ಸ್ಪೇಡ್ ಟರ್ಮಿನಲ್‌ಗಳನ್ನು ಎಳೆದು, ನಡುವೆ ಗೇಣುದ್ದದ ಕೆಂಪು ವೈರು ಸೇರಿಸಿ, ಕಪ್ಪು ಟೇಪನ್ನು ನೀಟಾಗಿ ಸುತ್ತಿದ್ದ. ಉಳಿದ ಕೆಲಸವೆಲ್ಲ ಮೆಚ್ಚುವಂತಿತ್ತು: ಬ್ಯಾಟರಿಯಿಂದ ರಿಲೇಯ 30ನೇ ಪಿನ್ನಿಗೆ ಬರುವ ದಪ್ಪ ವೈರಿಗೆ ಬ್ಯಾಟರಿಯ ಬಳಿಯಲ್ಲೇ ಫ್ಯೂಸ್, 87ನೇ ಪಿನ್ನಿನಿಂದ ಸೊಲೆನಾಯ್ಡ್‌ಗಳಿಗೆ ಅಷ್ಟೇ ದಪ್ಪದ ವೈರು, ಪ್ರತಿ ತುದಿಗೂ ಒಳ್ಳೆಯ ಕ್ರಿಂಪ್. ಇಷ್ಟು ಚೆನ್ನಾಗಿ ಮಾಡಿದವನು ಇದೊಂದನ್ನು ಏಕೆ ಹೀಗೆ ಮಾಡಿದ ಎಂದು ಕೇಳಿದ್ದಕ್ಕೆ ಬಂದ ಉತ್ತರವೇ ಮೇಲಿನದು.

ಸುಮ್ಮಸುಮ್ಮನೆ ಎಂದರೆ ಯಾವಾಗ ಎಂದು ಮತ್ತೆ ಕೇಳಿದೆ. “ಸ್ಪ್ರೇ ಶುರುವಾದ ಸೆಕೆಂಡಿಗೇ” ಎಂದ, ಅಂದರೆ ನೈಟ್ರಸ್ ಜೊತೆ ಪೆಟ್ರೋಲೂ ಹೆಚ್ಚು ಬೇಕಾಗುವ ಕ್ಷಣದಲ್ಲೇ. ಅವನ ಉತ್ತರ ಅವನ ಬಾಯಲ್ಲೇ ಇತ್ತು, ಅವನಿಗೆ ಕೇಳಿಸಿರಲಿಲ್ಲ. ಬಾಟಲಿ ಮುಚ್ಚಿ, ಎಂಜಿನ್ ಆರಿಸಿ, ಕಾರನ್ನು ಅಂಗಳಕ್ಕೆ ತಳ್ಳಿ, ಅಗ್ನಿಶಾಮಕವನ್ನು ಕೈಗೆ ಸಿಗುವಲ್ಲಿ ಇಟ್ಟುಕೊಂಡು, ನಾಝಲ್ಲಿಗೆ ಹೋಗುವ ಪೆಟ್ರೋಲ್ ಕೊಳವೆಯ ತುದಿಯನ್ನು, ಹರಿವನ್ನು ಮಿತಿಗೊಳಿಸುವ ಸಣ್ಣ ತೂತಿನ ಜೆಟ್ ಸಮೇತ, ಕ್ಯಾನಿನೊಳಗೆ ಬಿಟ್ಟೆವು. ಪಂಪು ಓಡಿಸಿದಾಗ ಗೇಜಿನ ಮುಳ್ಳು 39 ಪಿ.ಎಸ್.ಐ.ನಲ್ಲಿ ಗಟ್ಟಿಯಾಗಿ ನಿಂತಿತ್ತು. ಪೆಟ್ರೋಲ್ ಸೊಲೆನಾಯ್ಡ್ ತೆರೆದ ಕೂಡಲೇ ಮುಳ್ಳು ಇಳಿಯತೊಡಗಿ, 30ನ್ನು ದಾಟಿ ಕೆಳಗೆ ಹೋಯಿತು. ಎಂಜಿನ್ ಒಂದು ಹನಿಯನ್ನೂ ಕುಡಿಯದಿರುವಾಗಲೇ ಈ ಗತಿ. ಕಾರಿನಡಿಯ ಫಿಲ್ಟರನ್ನು ಬಿಚ್ಚಿ ಬೋರಲು ಹಾಕಿದರೆ ಕಾಫಿ ಬಣ್ಣದ ಪೆಟ್ರೋಲು ಸುರಿಯಿತು.

ನಮ್ಮೂರಿನ ಪಂಪ್‌ಸೆಟ್ಟುಗಳ ನೆನಪಾಗದೆ ಇರಲಿಲ್ಲ. ಮೂರು ಫೇಸಿನಲ್ಲಿ ಒಂದು ಹೋದರೆ ಮೋಟಾರನ್ನು ನಿಲ್ಲಿಸುವ ಪ್ರಿವೆಂಟರನ್ನು ಸ್ಟಾರ್ಟರಿನಿಂದ ಕಿತ್ತು ನೇರ ಮಾಡಿಸಿಕೊಂಡವರನ್ನು ಕಂಡಿದ್ದೇನೆ. ಅವರೂ ಹೇಳುತ್ತಿದ್ದುದು ಇದನ್ನೇ, ‘ಸುಮ್ನೆ ಟ್ರಿಪ್ ಆಗ್ತದೆ’ ಎಂದು. ಆದರೆ ಅಪರಾತ್ರಿಯಲ್ಲಿ ಬಂದ ಕರೆಂಟು ಹೋಗುವಷ್ಟರಲ್ಲಿ ಗದ್ದೆಗೆ ನೀರು ಕಾಣಿಸಬೇಕಾದ ರೈತನಿಗೆ, ವೈಂಡಿಂಗ್ ಸುಟ್ಟೀತೆಂಬ ಭಯಕ್ಕಿಂತ ಒಣಗುವ ಪೈರಿನ ಭಯ ದೊಡ್ಡದು. ಅವನ ಲೆಕ್ಕ ತಪ್ಪಾದರೂ ಅದು ಲೆಕ್ಕವೇ. ಈ ಹುಡುಗನಿಗೆ ಕಾಲು ಮೈಲಿಯ ಓಟದಲ್ಲಿ ಕೆಲವು ಕ್ಷಣಗಳನ್ನು ಉಳಿಸುವ ಆಸೆ ಬಿಟ್ಟರೆ ಬೇರೆ ತುರ್ತಿರಲಿಲ್ಲ.

ನನ್ನನ್ನು ಕಾಡುತ್ತಿರುವುದು ಅವನ ದುಡುಕಿಗಿಂತ ಹೆಚ್ಚಾಗಿ ಅವನ ತರ್ಕ. ಆರ್ಮಿಂಗ್ ಸ್ವಿಚ್ಚಿನ ಬಗ್ಗೆ ಅವನಿಗೆ ದೂರಿಲ್ಲ, ಮೈಕ್ರೋಸ್ವಿಚ್ಚಿನ ಬಗ್ಗೆಯೂ ಇಲ್ಲ, ಏಕೆಂದರೆ ಅವೆರಡೂ ಅವನ ಕೈಕಾಲು ಹೇಳಿದಂತೆ ಕೇಳುತ್ತವೆ. ಅವನ ಇಷ್ಟಕ್ಕೆ ಎದುರಾಗಿ ಬೇಡವೆಂದದ್ದು ಪ್ರೆಶರ್ ಸ್ವಿಚ್ಚು; ಕೆಟ್ಟಿದೆ ಎಂಬ ಹೆಸರು ಬಂದದ್ದೂ ಅದಕ್ಕೇ. ಎಂಜಿನ್ ಉಳಿದಿರುವುದು ಬೈಪಾಸ್ ಮಾಡಿದ ಮೇಲೆ ಅವನು ಇನ್ನೂ ಟ್ರ್ಯಾಕಿಗೆ ಹೋಗದೆ ಇದ್ದುದರಿಂದ, ಅಂದರೆ ಬರೀ ಅದೃಷ್ಟದಿಂದ. ಅದನ್ನು ಹೇಳಿದಾಗ ಅವನು ವಾದಿಸಲಿಲ್ಲ, ಒಪ್ಪಲೂ ಇಲ್ಲ. ಅವನ ತಂದೆ ಪಕ್ಕದಲ್ಲೇ ನಿಂತು ಫೋನ್ ನೋಡುತ್ತಿದ್ದರು; ಅವರು ಒಂದು ಮಾತಾದರೂ ಆಡಬಹುದಿತ್ತು.

ಹೊಸ ಫಿಲ್ಟರ್ ಹಾಕಿ ಅದೇ ಪರೀಕ್ಷೆ ಮಾಡಿದಾಗ ಮುಳ್ಳು ಹೆಚ್ಚು ಇಳಿಯಲಿಲ್ಲ. ಆದರೂ ಎಂಜಿನ್ ಪೂರ್ತಿ ಎಳೆಯುವಾಗ ಈ ಹಳೆಯ ಪಂಪು ತಡೆಯುವುದೆಂದು ನಾನು ನಂಬುವುದಿಲ್ಲ, ದೊಡ್ಡ ಪಂಪು ತರಲು ಹೇಳಿದ್ದೇನೆ. ಕೆಂಪು ವೈರನ್ನು ತೆಗೆದು ಸ್ವಿಚ್ಚನ್ನು ಸಾಲಿಗೆ ಸೇರಿಸಿಯಾಗಿದೆ. ಬಾಟಲಿಯ ಸುರಕ್ಷಾ ಡಿಸ್ಕ್ ಒಡೆದರೆ ಅನಿಲವನ್ನು ಕಾರಿನ ಹೊರಕ್ಕೆ ಒಯ್ಯುವ ಕೊಳವೆಯನ್ನು ಅವನಿನ್ನೂ ಹಾಕಿಲ್ಲ. ಅದು ಬರುವ ತನಕ ಬಾಟಲಿ ನನ್ನ ಗ್ಯಾರೇಜಿನಲ್ಲಿರಲಿ ಎಂದು ಎತ್ತಿಕೊಂಡು ಬಂದೆ. “ಆಯ್ತು ಅಂಕಲ್” ಎಂದು ಅವನು ಇಷ್ಟು ಬೇಗ ಒಪ್ಪಿಕೊಂಡದ್ದೇ ನನಗೆ ಸ್ವಲ್ಪ ಅನುಮಾನ.