ಬಲೆಗೆ ಮೊದಲು ಬೀಳುವ ಮೀನು

ಗೆಂಡೆ ಮೀನಿನ ಹೊಂಡ ನೋಡಿಕೊಳ್ಳಲು ಶುರು ಮಾಡಿದ ಎರಡನೇ ವರ್ಷದ ಮಾತು. ಹದಿನೈದು ದಿನಕ್ಕೊಮ್ಮೆ ಸ್ಯಾಂಪಲ್ ಹಿಡಿದು ತೂಗುತ್ತೇವೆ. ನಾನು ಮೇವು ಹಾಕುವ ಮೂಲೆಯಲ್ಲೇ ನಿಂತು ಬೀಸುಬಲೆ ಎಸೆಯುತ್ತಿದ್ದೆ. ಅಲ್ಲಿ ಮೀನು ಬೇಗ ಸಿಗುತ್ತದೆ, ಅಲ್ವಾ? ಸರಾಸರಿ 400 ಗ್ರಾಂ ಬಂತು. ಹೊಂಡದಲ್ಲಿ 2,000 ಮೀನು, ಅಂದರೆ 800 ಕೆಜಿ. ಒಟ್ಟು ತೂಕದ ಶೇ. 3ರ ಲೆಕ್ಕದಲ್ಲಿ ದಿನಕ್ಕೆ 24 ಕೆಜಿ ಮೇವು ಸುರಿದೆ.

ಮೂರನೇ ವಾರ, ಬೆಳಗಿನ ಜಾವ. ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಿಡುತ್ತಿದ್ದವು. ತಳದ ಕೆಸರು ಕೈಗೆತ್ತಿಕೊಂಡೆ. ತಿನ್ನದೆ ಉಳಿದ ಹಿಂಡಿ ಕೊಳೆತು ಕಪ್ಪಗಾಗಿತ್ತು. ಅದು ಕೊಳೆಯುವಾಗ ನೀರಿನ ಆಮ್ಲಜನಕವನ್ನೇ ಎಳೆದುಕೊಳ್ಳುತ್ತದೆ. ಪಂಪ್ ಹಾಕಿ ಹೊಸ ನೀರು ಬಿಟ್ಟೆವು. ಆದರೂ ಅರವತ್ತು ಮೀನು ಸತ್ತವು. ಆ ದಿನ ನನಗೆ ಊಟ ಸೇರಲಿಲ್ಲ.

ನೀರು ಸರಿಹೋದ ಮೇಲೆ ಎಳೆಬಲೆಯಲ್ಲಿ ಇಡೀ ಹೊಂಡ ಜಾಲಾಡಿ ತೂಗಿದೆವು. ಸರಾಸರಿ 290 ಗ್ರಾಂ! ದಿನಕ್ಕೆ 17 ಕೆಜಿ ಮೇವು ಸಾಕಿತ್ತು. ಇಷ್ಟು ದಿನ ನನ್ನ ಬಲೆಗೆ ಬಿದ್ದದ್ದು ಮುನ್ನುಗ್ಗಿ ತಿಂದು ದಪ್ಪಗಾದ ಮೀನುಗಳು ಮಾತ್ರ.

ಮುನ್ನುಗ್ಗದ ಮೀನು ಹೇಗಿರುತ್ತದೆ ಎಂದು ತಿಳಿಯಲು ಹನ್ನೆರಡು ಮೀನನ್ನು ಸಿಮೆಂಟ್ ತೊಟ್ಟಿಗೆ ಬಿಟ್ಟು ನೋಡಿದೆ. ಒಂದೊಂದನ್ನೂ ಕೈಬಲೆಯಲ್ಲಿ ಎತ್ತಿ, ಅರ್ಧ ನಿಮಿಷ ಬಿಟ್ಟು ಮತ್ತೆ ನೀರಿಗೆ ಹಾಕಿದೆ. ಐದಾರು ಮೀನು ಸಂಜೆಗೇ ತಿಂದವು. ಬಾಲದ ತುದಿ ಹರಿದ ಒಂದು ಮಾತ್ರ ಮೂಲೆ ಹಿಡಿದು ನಿಂತಿತು. ಕಿವಿರು ಜೋರಾಗಿ ಬಡಿದುಕೊಳ್ಳುತ್ತಿತ್ತು. ಎರಡು ದಿನ ಮೇವು ಮುಟ್ಟಲಿಲ್ಲ. ರೋಗ ಬಂದಿದೆ, ತೆಗೆದುಬಿಡೋಣ ಅಂದುಕೊಂಡೆ. ಮೂರನೇ ದಿನ ಟಾರ್ಪಾಲಿನ ಹಿಂದೆ ಸುಮ್ನೆ ಕೂತೆ. ಕತ್ತಲಾಗುತ್ತಿದ್ದಂತೆ ಮೆಲ್ಲಗೆ ಬಂದು, ಉಳಿದವು ಬಿಟ್ಟದ್ದನ್ನು ಹೆಕ್ಕಿ ತಿಂದಿತು. ರೋಗವಲ್ಲ, ಅದರ ಸ್ವಭಾವ.

ಇಂಗ್ಲೆಂಡಿನ ವಿಂಡರ್ಮಿಯರ್‌ನಲ್ಲಿ ಪಾಟಿಂಗರ್ ಮತ್ತು ಕ್ಯಾರಿಕ್ ಎಂಬ ವಿಜ್ಞಾನಿಗಳು ಟ್ರೌಟ್ ಮೀನುಗಳನ್ನು ಇಕ್ಕಟ್ಟಿನಲ್ಲಿ ಕೂಡಿಹಾಕಿ, ರಕ್ತದಲ್ಲಿ ಕಾರ್ಟಿಸಾಲ್ (ಒತ್ತಡ ಬಿದ್ದಾಗ ಏರುವ ಹಾರ್ಮೋನು) ಎಷ್ಟು ಏರುತ್ತದೆ ಎಂದು ಅಳೆದರು. ಜಾಸ್ತಿ ಏರುವವು, ಕಡಿಮೆ ಏರುವವು ಎಂದು ಎರಡು ತಳಿ ಮಾಡಿದರು. ಈ ಗುಣ ಮರಿಗಳಿಗೂ ಬಂತು. ಕಡಿಮೆ ಏರುವ ತಳಿ ಹೊಸ ಜಾಗದಲ್ಲಿ ಬೇಗ ತಿನ್ನುತ್ತಿತ್ತು, ಜೊತೆಗೆ ಬಿಟ್ಟರೆ ಹೆಚ್ಚಾಗಿ ಅದೇ ಗೆಲ್ಲುತ್ತಿತ್ತು. ಆದರೆ ಇವೇ ತಳಿಗಳನ್ನು ನಾರ್ವೆಗೆ ಸಾಗಿಸಿದಾಗ ಲೆಕ್ಕ ತಲೆಕೆಳಗಾಯಿತು. ಪಯಣದಲ್ಲಿ ಹೆಚ್ಚು ಸೊರಗಿದ, ಕಾರ್ಟಿಸಾಲ್ ಜಾಸ್ತಿ ಏರುವ ಪುಕ್ಕಲು ತಳಿಯೇ ಆಮೇಲೆ ಮೇಲುಗೈ ಸಾಧಿಸಿತು. ಇದನ್ನು ಓದಿ, ಮೂಲೆ ಹಿಡಿದ ಮೀನನ್ನು ಆರಿಸಿ ಎಸೆಯುವ ಯೋಚನೆ ಬಿಟ್ಟೆ.

ಈಗ ಹೊಂಡದ ಮೂರು ಕಡೆ ಬಲೆ ಬೀಸುತ್ತೇನೆ, ಅದೂ ಮೇವು ಹಾಕುವ ಹೊತ್ತು ಬಿಟ್ಟು. ಮೇವನ್ನು ಒಂದೇ ಬುಟ್ಟಿಯಲ್ಲಿ ಇಡುವುದಿಲ್ಲ. ನಾಲ್ಕು ಬುಟ್ಟಿ ಕಟ್ಟಿದ್ದೇನೆ. ಅದರಲ್ಲಿ ಒಂದು ಆಚೆ ದಡದ ನೆರಳಲ್ಲಿದೆ, ಅಲ್ಲಿಗೆ ಜನ ಓಡಾಡುವುದಿಲ್ಲ. ಬಾಲ ಹರಿದ ಮೀನನ್ನು ವಾಪಸ್ ಹೊಂಡಕ್ಕೇ ಬಿಟ್ಟೆ. ಮುಂದಿನ ಎಳೆಬಲೆಯಲ್ಲಿ ಸಿಕ್ಕಿತು, 510 ಗ್ರಾಂ ತೂಗಿತು.